ಓಮನಳ ಮಾತು

ಓಮನಳ ಶವಕ್ಕೆ ಉಡಿಸಲೆಂದು ಪಕ್ಕದ ಮನೆಯ ಮುದುಕಿ ಕುಂಞಾಮಿನ, ನೇರಳೆ ರೇಷ್ಮೆ ಸೀರೆಯ ಮಡಿಕೆ ಬಿಡಿಸುತ್ತಿದ್ದಂತೆ ಸೋದರಮಾವ ದಾಮೋದರನ್ ತಡೆದರು.

"ಮದುವೆ ಇಲ್ಲದ ಹೆಂಗಸಿಗೆ ಬಿಳಿ ಸಾಕು. ಇದೆಲ್ಲ ಯಾಕೆ?"

"ಅವಳೇ ಹೇಳಿದ್ದು."

"ಓಮನ ಹೇಳೋದು ಯಾರಿಗೆ ಅರ್ಥ ಆಗ್ತಿತ್ತು?"

"ಮೂರು ಸಲ ಕೇಳಿದ್ರೆ ಆಗ್ತಿತ್ತು. ನೀವು ಒಂದು ಸಲಾನೂ ಕೇಳ್ಲಿಲ್ಲ, ಅಷ್ಟೇ."

ಬಾಗಿಲಲ್ಲಿ ನಿಂತಿದ್ದ ಓಮನಳ ತಮ್ಮ ಪವಿತ್ರನ್‌ಗೆ ಆ ದುಃಖದಲ್ಲೂ ನಗು ಬಂತು. ಅವನು ಮುದುಕಿಗೆ ಹೇಳಿದ: "ಉಡಿಸಿ ಉಮ್ಮಾ. ಪಿಂಚಣಿ ದುಡ್ಡಲ್ಲಿ ಚೇಚಿ ತಾನೇ ಆರಿಸಿದ ಸೀರೆ."

*

ಓಮನಳ ಕೈಕಾಲು ಹುಟ್ಟಿನಿಂದಲೇ ಸೆಟೆದಿದ್ದವು. ಮಾತು ಗಂಟಲಲ್ಲಿ ತಿರುಚಿಕೊಂಡು ಹೊರಬರುತ್ತಿತ್ತು. ಅಂಗವಿಕಲರ ಪಿಂಚಣಿ ಮಂಜೂರಾದಾಗ ಬ್ಯಾಂಕಿನವನು ಎದುರಿಗಿದ್ದ ಅವಳನ್ನು ಬಿಟ್ಟು ತಮ್ಮನನ್ನು ಕೇಳಿದ: "ಇವರಿಗೆ ತಿಳಿಯುತ್ತಾ? ಖಾತೆ ನಿಮ್ಮ ಹೆಸರಲ್ಲೇ ಮಾಡೋಣ್ವಾ?"

ಆಟೋವನ್ನು ರಸ್ತೆಯಲ್ಲಿ ನಿಲ್ಲಿಸಿ ಬಂದಿದ್ದ ಪವಿತ್ರನ್ ಅವಸರದಲ್ಲಿ "ಆಗ್ಲಿ" ಅಂದುಬಿಟ್ಟ.

ಆಮೇಲೆ ಓಮನ ಅವನ ಕೈಯಿಂದ ಗಂಜಿ ಕುಡಿಯಲಿಲ್ಲ. ಹಟ ಹಿಡಿದು, ಉಚಿತ ಕಾನೂನು ನೆರವಿನ ವಕೀಲೆಯ ಬಳಿಗೆ ಅವನಿಂದಲೇ ಕರೆದೊಯ್ಯಿಸಿಕೊಂಡಳು. ವಕೀಲೆ ಮಧ್ಯಾಹ್ನವಿಡೀ ಕೂತು ಕೇಳಿಸಿಕೊಂಡರು. ಬ್ಯಾಂಕಿಗೆ ಬಂದು, ಸ್ವಂತ ಖಾತೆ ಇವಳ ಹಕ್ಕು, ಯಾರ ದಯೆಯೂ ಅಲ್ಲ ಎಂದು ವಾದಿಸಿದರು. ಖಾತೆ ಓಮನಳ ಹೆಸರಿನಲ್ಲೇ ಆಯಿತು.

ಮೊದಲ ಪಿಂಚಣಿ ಬಂದ ದಿನ ಅವಳು ಆಟೋದಲ್ಲಿ ಕೂತು, "ಮೀಟರ್ ಹಾಕು" ಅಂದಳು.

"ಚೇಚಿ, ಒಡಹುಟ್ಟಿದ ತಮ್ಮನಿಗೆ ಬಾಡಿಗೆ ಕೊಡ್ತೀಯಾ?"

"ಬಾಡಿಗೆ ಕೊಟ್ರೆ ನಾನು ಹೇಳಿದ ಕಡೆ ಹೋಗ್ತೀಯ."

ಅವನಿಗೆ ಅವಮಾನವಾಯಿತು. ಆದರೂ ಮೀಟರ್ ಹಾಕಿದ. ಅಂದು ಅವಳು ತಲಶ್ಶೇರಿಯ ಕಡಲತೀರಕ್ಕೆ ನಡೆ ಎಂದಳು. ಕತ್ತಲಾಗುವವರೆಗೂ ವಾಪಸು ಹೋಗೋಣ ಎನ್ನಲಿಲ್ಲ. ಕಲ್ಲುಮ್ಮಕ್ಕಾಯಿ ಎಂಬ ಕಡಲ ಚಿಪ್ಪಿನ ಹುರಿದ ಮಾಂಸ ತರಿಸಿ ತಮ್ಮನಿಗೂ ಅವಳೇ ಕೊಡಿಸಿದಳು. ಅಕ್ಕ ಅಷ್ಟು ಜೋರಾಗಿ ನಗಬಲ್ಲಳೆಂದು ಅವನಿಗೆ ಅಂದೇ ತಿಳಿದದ್ದು.

*

ಚಟ್ಟ ಎತ್ತುವ ಹೊತ್ತಿಗೆ ಪಕ್ಕದ ಬೀದಿಯ ಜಾನು, ಗಾಲಿಕುರ್ಚಿಯಲ್ಲಿ ಮಗಳು ರಜಿಷಳನ್ನು ತಳ್ಳಿಕೊಂಡು ಏದುಸಿರು ಬಿಡುತ್ತ ಬಂದಳು. ಈ ಹುಡುಗಿಯ ಮಾತೂ ಓಮನಳ ಮಾತಿನಂತೆಯೇ.

ರಜಿಷ ಬಾಯಿ ತೆರೆದಳು. ಕತ್ತು ಒಂದು ಕಡೆಗೆ ಎಳೆಯಿತು, ಮಾತು ಬರಲಿಲ್ಲ.

"ಇವಳು ಏನ್ ಹೇಳ್ತಾಳೆ ಅಂದ್ರೆ..." ಎಂದು ಜಾನು ಶುರುಮಾಡಿದಳು.

"ಅವಳೇ ಹೇಳ್ಲಿ," ಎಂದ ಪವಿತ್ರನ್.

"ಹೊತ್ತಾಯ್ತು ಕಣೋ," ಎಂದರು ಮಾವ.

ಪವಿತ್ರನ್ ಕಣ್ಸನ್ನೆ ಮಾಡಿದ. ಹೆಗಲು ಕೊಟ್ಟವರು ಚಟ್ಟವನ್ನು ಮೆಲ್ಲನೆ ಬೆಂಚಿನ ಮೇಲಿಳಿಸಿದರು. ಅವನು ಗಾಲಿಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹುಡುಗಿಯ ತುಟಿಗಳನ್ನೇ ನೋಡತೊಡಗಿದ. ಮಾವ ಕೈಗಡಿಯಾರ ನೋಡಿಕೊಂಡರು, ಆಮೇಲೆ ಕೈ ಇಳಿಬಿಟ್ಟರು.

ರಜಿಷ ಉಸಿರೆಳೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು.