ಮಾದಯ್ಯನ ಅವ್ವನ ಹೆಸರು

೧
ಎಲ್ಲಿಂದ ಶುರು ಮಾಡುವುದು? ನೂರೈವತ್ತು ವರ್ಷದ ಹಿಂದೆ, ಗಂಡ ಸತ್ತ ಹೆಂಗಸೊಬ್ಬಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಒಣಹೊಲದಲ್ಲಿ ರಾಗಿ ಬಿತ್ತುವಲ್ಲಿಂದಲೇ? (ಡಿಲೀಟ್. ಬರೆಯುವವನು ಅದನ್ನು ಕಂಡಿಲ್ಲ; ಸುಳ್ಳಿನಿಂದ ಶುರು ಮಾಡಿದರೆ ಶಿವ ಮೆಚ್ಚುವುದಿಲ್ಲ.)

ಕೊತ್ತತ್ತಿಯ ಇಂದ್ರಮ್ಮನ ನಡುಮನೆಯಿಂದ ಶುರುವಾಗಲಿ. ಹಿರಿಯರ ಹಬ್ಬದಲ್ಲಿ ಎಡೆ ಇಟ್ಟು, ಅವಳ ಗಂಡ ನಿಂಗಯ್ಯ ಒಬ್ಬೊಬ್ಬ ಹಿರಿಯರನ್ನೂ ಹೆಸರು ಹಿಡಿದು ಕರೆಯುತ್ತಾನೆ. ಮುತ್ತಾತ ಮಾದಯ್ಯನ ತನಕ ಸಲೀಸು. ಆಮೇಲೆ, "ಮಾದಯ್ಯನ ಅವ್ವ, ಬಾರವ್ವ," ಅಷ್ಟೆ. ದಾಯಾದಿಗಳ ಬಾಯಿಂದ ಹೊಲ ಉಳಿಸಿದವಳು ಅವಳೇ. ಅವಳ ಹೆಸರನ್ನು ಮಾತ್ರ ಯಾರೂ ಉಳಿಸಲಿಲ್ಲ.

"ಎಸ್ರಿಡ್ದು ಕರೀದೆ ಯಾರಾರ ಉಣ್ಣಕ್ ಬತ್ತಾರಾ?" ಎಂದಳು ಇಂದ್ರಮ್ಮ. ಈ ಸಲದ ಹಬ್ಬ ಬರುವುದರೊಳಗೆ ಹೆಸರು ಸಿಗಲೇಬೇಕು.

೨
(ಇನ್ನೊಂದು ಡ್ರಾಫ್ಟ್.) ಬರೆಯುವವನು ಇಂದ್ರಮ್ಮನನ್ನು ಮಂಡ್ಯದ ಕಚೇರಿಗೆ ಕಳಿಸಿದ. ಹಳೇ ದಾಖಲೆಯಲ್ಲಿ ಮಾದಯ್ಯನಿದ್ದ, ಅವನಪ್ಪನಿದ್ದ, ಅವ್ವ ಇರಲಿಲ್ಲ. ಮನೆಮನೆಯ ವಂಶ ಹೇಳುವ ಹೆಳವ ಬಂದ. (ಎತ್ತಿನ ಮೇಲೆ ಬರುವುದು ಪದ್ಧತಿ. ಈತ ಮೊಪೆಡ್ಡಿನ ಮೇಲೆ ಬಂದ.) ಗಂಟೆ ಬಾರಿಸಿ, ಏಳು ತಲೆಮಾರನ್ನು ಒಂದೇ ಉಸಿರಿಗೆ ಹೇಳಿದ.

"ಸೊಸೇರು?"

"ಸೊಸೇರ್ನ ಏಳಲ್ಲ ಕಣವ್ವ. ಈ ಮನೇಲಿ ಉಟ್ಟಿದ ಗಂಡುಮಕ್ಳು, ಎಣ್ಮಕ್ಳು, ಅಷ್ಟೇಯ."

೩
ಬರೆಯುವವನಿಗೆ ಇಲ್ಲೇ ಮುಗಿಸುವ ಆಸೆಯಾಯಿತು. 'ಹೆಸರಿಲ್ಲದವಳೇ ಎಲ್ಲರ ತಾಯಿ.' ಎಂಥ ಗಂಭೀರ ಎಂಡಿಂಗ್!

"ತಗದಾಕು ಅದ," ಎಂದಳು ಇಂದ್ರಮ್ಮ, ಕತೆಯೊಳಗಿಂದಲೇ. "ನಿಂಗೆ ಕತೆ ಮುಗುದ್ರೆ ಸಾಕು. ನಂಗೆ ನಮ್ಮತ್ತೆ ಬೇಕು ಕಣಪ್ಪ."

ತೆಗೆದುಹಾಕಲಾಗಿದೆ.

೪
ವರ್ಷಾವರ್ಷ ಈ ಮನೆಯ ಹೆಂಗಸರು ಮಳವಳ್ಳಿ ಕಡೆಯ ಒಂದು ಹಳ್ಳಿಯ ಮಾರಮ್ಮನಿಗೆ ತಂಬಿಟ್ಟು ಒಯ್ಯುತ್ತಾರೆ. ಅಲ್ಲಿನ ಶಿವರಾಜು ಮನೆಯವರು ಇವರ ಮಡಿಲಿಗೆ ಅಕ್ಕಿ ತುಂಬಿ ಕಳಿಸುತ್ತಾರೆ. ಗುಡಿಯ ಪದ್ಧತಿಯೆಂದೇ ಎಲ್ಲರ ನಂಬಿಕೆ. ಹೆಳವನ ಮಾತನ್ನು ಮೆಲುಕು ಹಾಕುತ್ತ ಕೂತಿದ್ದ ಇಂದ್ರಮ್ಮ ತಟ್ಟನೆ ಎದ್ದಳು.

"ಅಲ್ಲಾ, ಮಡ್ಲಕ್ಕಿ ಯಾರ್ಗ್ ಉಯ್ತಾರೆ? ಮನೆ ಮಗಳಿಗಲ್ವಾ? ಕೊಟ್ಟ ಮನೇಲಿ ಉಡುಕ್ತಾ ಕುಂತಿದೀವಲ್ಲ! ಉಟ್ಟಿದ ಮನೇಲಿ ಕೇಳ್ಬೇಕು!"

"ತಂಬಿಟ್ಟು ತಿನ್ನೋದ್ ಬುಟ್ಟು ನಂಗೇನೂ ಒಳೀನೇ ಇಲ್ವಲ್ಲೇ," ಎಂದ ನಿಂಗಯ್ಯ.

ಭಾರತೀನಗರದ ಮೇಲೆ ಹೋಗುವ ಬಸ್ಸು ಹಿಡಿದು ಶಿವರಾಜು ಮನೆಗೆ ಹೋದಳು. ಶಿವರಾಜು ತನ್ನ ಮನೆಯ ಹೆಳವನಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಆ ಕಡೆಯಿಂದ ರಾಗವೆದ್ದಿತು: "...ಆತನ ಮಗಳು ದೇವಿರಮ್ಮ, ಕೊಟ್ಟಿದ್ದು ಕೊತ್ತತ್ತಿಗೆ, ಅವಳ ಮಗ ಮಾದಯ್ಯ..."

"ಅಂಗಾರೆ ಇಷ್ಟ್ ವರ್ಸ ನಾವ್ ಅಕ್ಕಿ ಉಯ್ದಿದ್ದು ನಮ್ ಮನೆ ಮಗಳಿಗೇಯ!" ಶಿವರಾಜು ತೊಡೆ ತಟ್ಟಿ ನಕ್ಕ.

ಇಂದ್ರಮ್ಮ ಫೋನಿಗೇ ಕೈ ಮುಗಿದಳು. "ಇನ್ನೊಂದ್ಸಲ ಏಳ್ಸಣ್ಣ."

೫
ಹಬ್ಬದ ದಿನ ನಿಂಗಯ್ಯ ಬಾಯಿ ತೆರೆಯುವ ಮೊದಲೇ ಇಂದ್ರಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ದೇವಿರಮ್ಮಾ! ಬಾರವ್ವ, ಉಣ್ಣು ಬಾ!"

(ಆಗ ಕಾಗೆ ಬಂದು ಎಡೆ ಮುಟ್ಟಿತು ಎನ್ನಬಹುದು. ಕಾಗೆ ಬರಲಿಲ್ಲ ಎಂದೂ ಬರೆಯಬಹುದು. ಬೇಕಾದ್ದನ್ನು ಆರಿಸಿಕೊಳ್ಳಿ. ದೇವಿರಮ್ಮ ಉಂಡದ್ದಂತೂ ಸತ್ಯ.)

ಬರೆಯುವವನು ನೆಮ್ಮದಿಯಿಂದ ಪೂರ್ಣವಿರಾಮ ಇಡಲು ಹೊರಟ.

"ತಡಿ," ಎಂದಳು ಇಂದ್ರಮ್ಮ, ಸೆರಗಿಗೆ ಕೈ ಒರೆಸುತ್ತ. "ದೇವಿರಮ್ಮನ ಅವ್ವನೂ ಆ ಮನೇಗೆ ಸೊಸೆ ತಾನೆ? ಶಿವರಾಜು ಮನೆ ಎಂಗುಸ್ರು ಯಾವೂರ್ಗೋಗಿ ಮಡ್ಲಕ್ಕಿ ಇಸ್ಕತಾರೆ, ಕೇಳು ಮತ್ತೆ