ಚಪ್ಪಟೆ ಕೇಬಲ್ಲಿನ ಬುಷ್

ಕತ್ತರಿ ಮೊಣಕಾಲಿನ ಹತ್ತಿರ ಪ್ಯಾಂಟಿನ ಮಡಿಕೆಗೆ ಸಿಕ್ಕಿಕೊಂಡಿತು.

"ನಿಧಾನ ಕಣ್ಲಾ, ಚರ್ಮ ಗಿರ್ಮ ಕುಯ್ದೀಯ," ಎಂದರು ಪರಮಶಿವಯ್ಯ. ಸತ್ತ ಮಗ ಮಲ್ಲೇಶನ ಕಾಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸ್ನಾನ ಮಾಡಿಸಬೇಕಿತ್ತು.

ಹನ್ನೆರಡು ವರ್ಷ ಮಲ್ಲೇಶನ ಜೊತೆ ಮೋಟಾರು ಕೆಲಸ ಮಾಡಿದ್ದ ರವಿಕಿರಣ್ ಕತ್ತರಿ ಹಿಡಿದ ತೋಳಿನಲ್ಲೇ ಕಣ್ಣೊರೆಸಿಕೊಂಡ. ಹಿತ್ತಿಲ ಬಾಗಿಲಲ್ಲಿ ಬಿಸಿನೀರಿನ ಬಿಂದಿಗೆ ಹಿಡಿದು ಜೀವಿತಾ ನಿಂತಿದ್ದಳು. ಅವಳ ಗಂಡ ನಿನ್ನೆ ಮಧ್ಯಾಹ್ನ ಶ್ರೀರಂಗಯ್ಯನವರ ತೆಂಗಿನ ತೋಟದಲ್ಲಿ, ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಬಿದ್ದಿದ್ದ. ತಿಪಟೂರಿನ ಡಾಕ್ಟರು ಹಾರ್ಟ್ ಅಟ್ಯಾಕ್ ಎಂದಿದ್ದರು. ಊರಲ್ಲಿ ಯಾರೂ ನಂಬಿರಲಿಲ್ಲ. ಆ ಪೆಟ್ಟಿಗೆಯ ಹತ್ತಿರ ಆಮೇಲೆ ಯಾರೂ ಸುಳಿದಿರಲೂ ಇಲ್ಲ.

"ಕರೆಂಟೇ ಕಣ್ರೀ," ಅಂಗಳದಲ್ಲಿ ಬೋರಮ್ಮನ ಪಿಸುಮಾತು ಹಿತ್ತಿಲಿಗೂ ಕೇಳುತ್ತಿತ್ತು. "ನಮ್ ತೋಟದ ಪೆಟ್ಗೇನೂ ಅವ್ನೇ ಕೂರ್ಸಿರೋದು. ಬೆಳಿಗ್ಗೆ ನಮ್ಮೆಜಮಾನ್ರು ದೂರ ನಿಂತು ಕೋಲಲ್ಲಿ ಒತ್ತಿ ಮೋಟ್ರು ಆನ್ ಮಾಡುದ್ರು."

"ಕೋಲಾದ್ರೂ ಒಣಗಿತ್ತಾ?" ಎಂದಳು ಪಕ್ಕದ ಮನೆಯ ಕೆಂಪಕ್ಕ. "ಬಾಯ್ ಮುಚ್ಚೇ ಸಾಕು."

ಡಾಕ್ಟರನ್ನು ನಂಬದಿರಲು ಜೀವಿತಾಗೆ ಬೇರೆಯೇ ಕಾರಣವಿತ್ತು.

*

ನಿನ್ನೆ ಹನ್ನೊಂದಕ್ಕೆ ಮಲ್ಲೇಶನ ಫೋನು ಬಂದಿತ್ತು.

"ಜೀವಿ, ಉದ್ದನೆ ರಬ್ಬರ್ ಬುಷ್ ಮರೆತ್ ಬಂದಿವ್ನಿ. ಶ್ರೀರಂಗಯ್ಯೋರು ಬೈಕಲ್ಲಿ ಬತ್ತಾವ್ರೆ, ಕೊಟ್ ಕಳ್ಸು."

ತಗಡಿನ ಪೆಟ್ಟಿಗೆಯಲ್ಲಿ ತಂತಿ ಹಾಯುವ ತೂತಿನ ಅಂಚು ಬ್ಲೇಡಿನಂತಿರುತ್ತದೆ. ಬೇರೆ ಮೆಕ್ಯಾನಿಕ್ಕುಗಳು ಸೈಕಲ್ ಟ್ಯೂಬಿನ ಚೂರು ಸುತ್ತಿ ಮುಗಿಸುತ್ತಿದ್ದರು. ಮಲ್ಲೇಶ್ ಮಾತ್ರ ತೂತಿಗೆ ಉಂಗುರದಂಥ ರಬ್ಬರ್ ಬುಷ್ ಕೂರಿಸದೆ ತಂತಿ ಎಳೆಯುತ್ತಿರಲಿಲ್ಲ. ಬೋರ್‌ವೆಲ್ಲಿನ ಕೇಬಲ್ಲು ಚಪ್ಪಟೆ, ಅದಕ್ಕೆ ಉದ್ದನೆ ತೂತಿನ ಬುಷ್ಷೇ ಬೇಕು. ದುಂಡನೆಯದು ಹಾಕಿದರೆ ಸಂದು ಉಳಿದು, ಕೇಬಲ್ಲು ಆಡಿ ಆಡಿ, ಒಮ್ಮೊಮ್ಮೆ ಎಳೆಯುವಾಗಲೇ, ಬುಷ್ ಕಿತ್ತು ಬರುತ್ತದೆ. ಆಮೇಲೆ ಅಂಚು ತಂತಿಯ ಮೈ ಕೊಯ್ದು ಇಡೀ ಪೆಟ್ಟಿಗೆಗೆ ಕರೆಂಟು ಹರಿಯುತ್ತದೆ.

"ತೂತಿಗೆ ಕೂತ್ರೆ ಸಾಲ್ದು ಕಣೇ, ತಂತೀನೂ ಹಿಡೀಬೇಕು," ಎಂದು ಮುದ್ದೆ ಮುರಿಯುತ್ತಲೂ ಪಾಠ ಹೇಳುತ್ತಿದ್ದ.

ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಡಬ್ಬಿಯಲ್ಲಿ ಉದ್ದನೆಯದು ಕೈಗೆ ಸಿಗಲಿಲ್ಲ. ಅವಳು ದುಂಡನೆಯದೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಫೋನಿನಲ್ಲಿ ರೇಗಿದ್ದಳು: "ಯಾವ್ದೋ ಒಂದು ಹಾಕಿ ಊಟಕ್ಕೆ ಬನ್ನಿ."

*

"ಇದೇನ್ಲಾ, ಜೇಬಲ್ಲಿ ಕಲ್ಲು?" ಎಂದರು ಪರಮಶಿವಯ್ಯ.

ರವಿಕಿರಣ್ ಎಡಜೇಬಿನಿಂದ ಎರಡು ಪಿಂಗಾಣಿ ಫ್ಯೂಸು ತೆಗೆದ. "ಫ್ಯೂಸು ಕಣಯ್ಯ. ಕೆಲ್ಸಕ್ಕೆ ಮುಂಚೆ ಕಿತ್ತು ಜೇಬಿಗೆ ಹಾಕ್ಕೊಂಡವ್ನೆ. ಯಾರಾದ್ರೂ ಬಂದು ಮತ್ತೆ ಸಿಗಿಸ್ಬುಟ್ರೆ ಅಂತ ಭಯ ಅವ್ನಿಗೆ."

"ಎಷ್ಟಿವೆ?" ಜೀವಿತಾ ಬಿಂದಿಗೆ ಇಳಿಸಲಿಲ್ಲ.

"ಎರಡು, ಅತ್ಗೆ."

ಬೋರ್‌ವೆಲ್ಲಿಗೆ ಮೂರಿರುತ್ತವೆ. ಒಂದನ್ನು ಕೀಳದೆ ಬಿಟ್ಟರೂ ಸಾಕು, ಆಳನ್ನು ಕೆಡವಲು.

"ಇನ್ನೊಂದು ನೋಡಿ."

ಬಲಜೇಬು ಮೈಯಡಿ ಸಿಕ್ಕಿತ್ತು. ಪರಮಶಿವಯ್ಯ ಮಗನನ್ನು ಮಗ್ಗುಲಿಗೆ ಹೊರಳಿಸಿದರು. ರವಿಕಿರಣನ ಕೈ ತಡಕಾಡಿ ತಡಕಾಡಿ ಹೊರಬಂತು. ಮೂರನೆಯ ಫ್ಯೂಸು. ಜೊತೆಗೊಂದು ಕಾಗದದ ಪೊಟ್ಟಣ. ಬಿಚ್ಚಿದರೆ ದುಂಡು ಬುಷ್.

"ಚಪ್ಪಟೆ ಕೇಬಲ್ಲಿಗೆ ದುಂಡಂದಾ? ಯಾವ ಪುಣ್ಯಾತ್ಮ ಕಳ್ಸಿದ್ದು ಇದ್ನ? ಅವ್ನು ಹಾಕ್ತಿದ್ನಾ!" ರವಿಕಿರಣ್ ಅಳುತ್ತಲೇ ನಕ್ಕ. "ಮೂರೂ ಜೇಬಲ್ಲಿದ್ವು ಅಂದ್ಮೇಲೆ ಪೆಟ್ಗೇಲಿ ಕರೆಂಟೇ ಇರ್ನಿಲ್ಲ ಕಣಯ್ಯ. ಡಾಕ್ಟ್ರು ಹೇಳಿದ್ದೇ ಸರಿ."

"ಕಳ್ಸಿದ್ದು ನಾನು," ಎಂದಳು ಜೀವಿತಾ.

ರವಿಕಿರಣ್ ತಲೆ ತಗ್ಗಿಸಿದ. "ಇರ್ಲಿ ಬುಡಿ ಅತ್ಗೆ. ನಂಗೂ ದಿನಾ ಬಯ್ತಿದ್ದ."

ಪರಮಶಿವಯ್ಯ ಮಗನನ್ನು ಮತ್ತೆ ಅಂಗಾತ ಮಲಗಿಸಿದರು. ಆಮೇಲೆ ಅಂಗಳಕ್ಕೆ ಕೇಳುವಂತೆ ಕೂಗಿದರು: "ಬೋರಮ್ಮಾ, ಕೋಲು ಬಿಸಾಕು ಅಂತೇಳು ನಿನ್ ಗಂಡಂಗೆ."

ಜೀವಿತಾ ಬಿಂದಿಗೆ ಇಳಿಸಿ ಗೋಡೆಗೊರಗಿ ಕುಳಿತಳು. ತೋಟದಲ್ಲಿ ಸಮಾಧಿಯ ಗುಂಡಿ ತೋಡುವವರಿಗೆಂದು ಕೆಡವಿದ್ದ ಎಳನೀರಿನಲ್ಲಿ ಒಂದನ್ನು ಕೆಂಪಕ್ಕ ತಂದು ಕೈಗಿಟ್ಟಳು. "ಒಂದ್ ಗುಟುಕಾದ್ರೂ ಕುಡಿಯೇ. ನಿನ್ನೆಯಿಂದ ನಾಲ್ಗೆ ನೆನೆಸಿಲ್ಲ ನೀನು."

ಜೀವಿತಾ ತಲೆಯೆತ್ತಿ, ಉಸಿರು ಬಿಡದೆ, ಗಟಗಟನೆ ಕುಡಿದಳು. ನೀರು ಗದ್ದದಿಂದ ಕತ್ತಿಗೆ, ಕತ್ತಿನಿಂದ ರವಿಕೆಗೆ ಇಳಿಯಿತು. ಹೆಣ ಇನ್ನೂ ಮನೆಯಲ್ಲಿರುವಾಗಲೇ ಹೀಗೆ ಕುಡಿಯುತ್ತಾಳಲ್ಲ ಎಂದು ಬಾಗಿಲಿಗೆ ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು. ಅವಳು ಬುರುಡೆ ಕೆಳಗಿಟ್ಟು, ಒದ್ದೆ ಗದ್ದವನ್ನು ಒರೆಸಿಕೊಳ್ಳದೆ, ಕೈ ಚಾಚಿದಳು.

"ಇನ್ನೊಂದು ಕೊಚ್ಚಿಸ್ಕೊಂಡ್ ಬಾ, ಕೆಂಪಕ್ಕ."