ಎರಡು ಎಂಜಿನ್ನಿನ ಸದ್ದು

ಆ ಬೆಳಗ್ಗೆ ಮಂಜು ಬೇಗ ಕರಗಿತ್ತು. ಗಾಳಿ ಎಲ್ಲೋ ಮುಸುಕು ಹಾಕಿ ಮಲಗಿದಂತಿತ್ತು, ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಮಾದರಿ ವಿಮಾನ ಹಾರಿಸುವುದಕ್ಕೆ ದೇವರು ಇದಕ್ಕಿಂತ ಒಳ್ಳೆಯ ದಿನ ಕೊಡಲಾರ ಎಂದುಕೊಂಡರು ಮೇಸ್ತ್ರಿ. ಆದರೂ ಮೈ ಏಳಲೊಲ್ಲದು. ಎಷ್ಟು ನಿದ್ದೆ ಮಾಡಿದರೂ ಆಯಾಸ ಹಾಸಿಗೆಯಿಂದಲೇ ಬೆನ್ನಿಗಂಟಿಕೊಂಡು ಬರುತ್ತಿತ್ತು.

ಊರಾಚೆಯ ಸಣ್ಣ ವಿಮಾನ ನಿಲ್ದಾಣದಲ್ಲಿ ಅವರು ಮೆಕ್ಯಾನಿಕ್. ಅಲ್ಲಿದ್ದುದು ಎರಡು ಎಂಜಿನ್ನಿನ ಒಂದೇ ಒಂದು ಪುಟ್ಟ ವಿಮಾನ. ಕಡಲಾಚೆಯ ದ್ವೀಪಗಳಿಗೆ ಅಂಚೆ, ಔಷಧಿ ಹೊತ್ತೊಯ್ದು, ಬರುವಾಗ ಕಾಯಿಲೆಯವರನ್ನು ಕೂರಿಸಿಕೊಂಡು ಬರುತ್ತಿತ್ತು. ಅದರ ದುಡಿತ ನೋಡಿ ಎಲ್ಲರೂ ಹೇಸರಗತ್ತೆ ಎನ್ನುತ್ತಿದ್ದರು. ಎರಡು ಎಂಜಿನ್ನುಗಳು ಒಂದಕ್ಕೊಂದು ಹೊಂದದಿದ್ದರೆ ಸದ್ದಿನ ನಡುವೆ ಊಂ, ಊಂ ಎಂಬ ಅಲೆಯೊಂದು ಏಳುತ್ತದೆ. ಆ ಅಲೆಯನ್ನು ಹಿಡಿದು ಅಡಗಿಸುವುದರಲ್ಲಿ ಮೇಸ್ತ್ರಿಯದು ಪಳಗಿದ ಕಿವಿ. ಅವರು ಕೇಳಿ ‘ಹ್ಞೂಂ’ ಅನ್ನುವವರೆಗೆ ಪೈಲಟ್ ಹೆಣ್ಣುಮಗಳು ಹೊರಡುತ್ತಿರಲಿಲ್ಲ.

ಈಗೀಗ ಆ ಅಲೆ ಮೇಸ್ತ್ರಿಗೆ ಕೇಳಿಸುತ್ತಿರಲಿಲ್ಲ. ಆಯುಸ್ಸೆಲ್ಲ ಎಂಜಿನ್ನಿನ ಮಗ್ಗುಲಲ್ಲಿ ಕಳೆದ ಕಿವಿಗಳು ಮೊದಲು ಹಕ್ಕಿಯ ದನಿಯನ್ನು ಬಿಟ್ಟುಕೊಟ್ಟವು, ಆಮೇಲೆ ಬಾಗಿಲ ಗಂಟೆಯನ್ನು, ಆಮೇಲೆ ಬೆನ್ನ ಹಿಂದಿನ ಮಾತನ್ನು. ಕೆಲಸದ ಜಾಗದಲ್ಲಿ ಇದು ಯಾರಿಗೂ ತಿಳಿಯದು. ವಿಮಾನದ ಮೈಗೆ ಅಂಗೈಯೊತ್ತಿ, ನಡುಕದಲ್ಲೇ ಸದ್ದನ್ನು ಅಂದಾಜು ಮಾಡಿ ದಿನ ತಳ್ಳುತ್ತಿದ್ದರು.

ಹೆಂಡತಿಯ ಮುಂದೆ ಮಾತ್ರ ಆಟ ನಡೆಯುತ್ತಿರಲಿಲ್ಲ. “ಎಷ್ಟು ಸಲ ಕೂಗೋದ್ರೀ? ಕಿವಿಗೆ ಬೀಗ ಹಾಕ್ಕೊಂಡು ಕೀಲಿ ಎಲ್ಲಿ ಬಿಸಾಕಿದ್ರಿ?” ಎಂದು ಆಕೆ ಎದುರಿಗೇ ಬಂದು ನಿಂತಳು.

“ಮದುವೆ ದಿನಾನೇ ನಿನ್ನ ಕೈಗೆ ಕೊಟ್ನಲ್ಲ.”

“ತಮಾಷೆ ಸಾಕು. ನಿಮ್ಮ ಸಾಹೇಬ್ರಿಗೆ ಹೇಳಿಬಿಡಿ. ಆ ಹುಡುಗಿ ನಿಮ್ಮನ್ನ ನಂಬಿ ವಿಮಾನ ಹತ್ತುತ್ತೆ.”

“ಕೈಗೆ ಗೊತ್ತಾಗುತ್ತೆ ಕಣೇ. ಕೈ ಇನ್ನೂ ಕಿವುಡಾಗಿಲ್ಲ.”

ಅಂದು ರಜೆ. ನಿಲ್ದಾಣದ ಹಿಂದಿನ ಪಾಳುಬಿದ್ದ ಓಡುದಾರಿಯಲ್ಲಿ ರಿಮೋಟ್ ವಿಮಾನಗಳ ಹುಚ್ಚಿನ ನಾಲ್ಕಾರು ಜನ ಸೇರಿದ್ದರು. ಮೇಸ್ತ್ರಿಯ ಭಾಮೈದನೂ ಅವರಲ್ಲೊಬ್ಬ. ಕಸುಬಿನಲ್ಲಿ ಬಡಗಿ. ಚಳಿಗಾಲವಿಡೀ ಕೂತು ಹೇಸರಗತ್ತೆಯ ಮರಿಯನ್ನೇ ಮಾಡಿ ತಂದಿದ್ದ: ಅದೇ ಬಣ್ಣ, ಎರಡು ಪುಟ್ಟ ಎಂಜಿನ್ನು, ತೋಳು ಚಾಚಿದಷ್ಟು ಉದ್ದದ ರೆಕ್ಕೆ.

“ಭಾವ, ಮೊದಲ್ನೇ ಸಲ ನೀವೇ ಹಾರಿಸ್ಬೇಕು. ನಾನು ಹೆತ್ತಿದೀನಿ, ನೀವು ನಡೆಸಿ.”

“ಮುಖ ನೋಡಿದ್ರೇ ಗೊತ್ತಾಗುತ್ತೆ. ಬಾಣಂತಿ ಸೊರಗಿದ ಹಾಗೆ ಸೊರಗಿದ್ದೀಯ.”

ಜನ ನಕ್ಕರು. ಮೇಸ್ತ್ರಿ ಮಾದರಿಯ ಬೆನ್ನಿಗೆ ಅಂಗೈಯೊತ್ತಿ ಎಂಜಿನ್ನುಗಳನ್ನು ಹೊಂದಿಸಿದರು. ದಿನವೂ ಮಾಡುವಂತೆ ಕಣ್ಣು ಮುಚ್ಚಿ, ‘ನಿನ್ನದು, ನೀನೇ ನೋಡಿಕೋ ತಂದೆ’ ಎಂದು ಮನಸ್ಸಿನಲ್ಲೇ ಅಂದು, ರಿಮೋಟ್ ಕೈಗೆತ್ತಿಕೊಂಡರು.

ಮರಿ ಸಲೀಸಾಗಿ ಮೇಲೆದ್ದಿತು. ಒಂದು ಸುತ್ತು ಬಂದು, ಎರಡನೆಯದಕ್ಕೆ ತಿರುಗುವಾಗ ಮೂತಿ ಎಡಕ್ಕೆ ಎಳೆಯತೊಡಗಿತು. ವೇಗ ಸಾಲದೇನೋ ಎಂದುಕೊಂಡು ಮೇಸ್ತ್ರಿ ಎಂಜಿನ್ನುಗಳ ಜೋರು ಹೆಚ್ಚಿಸಿದರು. ಒಂದು ಎಂಜಿನ್ನು ನಿಂತಾಗ ಇನ್ನೊಂದರ ಜೋರು ಹೆಚ್ಚಿಸಿದರೆ ವಿಮಾನ ಮಗುಚಿಕೊಳ್ಳುತ್ತದೆಂದು ಎಷ್ಟೋ ಜನಕ್ಕೆ ಪಾಠ ಹೇಳಿದವರು ಅವರು. ಆದರೆ ನಿಂತದ್ದು ಗೊತ್ತಾಗಬೇಕಲ್ಲ! ಮರಿ ಹೊರಳಿ, ಹೊಟ್ಟೆ ಮೇಲಾಗಿ ಹುಲ್ಲಿಗೆ ಬಡಿಯಿತು.

ಮೇಸ್ತ್ರಿ ಹಿಂದಿರುಗಿ ನೋಡಿದರು. ಎಲ್ಲರ ಬಾಯಿಯೂ ತೆರೆದಿತ್ತು. ಭಾಮೈದ ಓಡಿ ಎದುರಿಗೆ ಬಂದ.

“ಎಡಗಡೇದು ನಿಂತೋಯ್ತು ಅಂತ ಅಷ್ಟು ಜನ ಬಡ್ಕೊಂಡ್ವಲ್ಲ ಭಾವ! ನಿಮಗೆ ಕೇಳಿಸ್ಲೇ ಇಲ್ವಾ?”

ಭಾವನ ಮುಖ ನೋಡುತ್ತ ನೋಡುತ್ತ ಅವನ ಸಿಟ್ಟು ಇಳಿದುಹೋಯಿತು. “ಹೋಗ್ಲಿ ಬಿಡಿ. ಮರ ತಾನೇ. ಮತ್ತೆ ಅಂಟಿಸ್ತೀನಿ” ಎಂದ. ಇಬ್ಬರೂ ಬಗ್ಗಿ ಚೂರುಗಳನ್ನು ಆಯ್ದರು.

ಸಂಜೆ ಮೇಸ್ತ್ರಿ ಮೊಣಕಾಲ ಮೇಲೆ ಕೈಯೂರಿ ಕೂತೇ ಇದ್ದರು. ‘ಕೊಟ್ಟವನು ನೀನು, ವಾಪಸ್ ತಗೊಳ್ತಾ ಇರೋನೂ ನೀನೇ’ ಎಂದು ದೇವರೊಡನೆ ಒಳಗೇ ಮಾತಾಡಿದರು. ‘ನಾನ್ಯಾಕೆ ಕಳ್ಳನ ಹಾಗೆ ಬಚ್ಚಿಟ್ಟುಕೊಂಡೆ?’

ಮರುದಿನ ಹೇಸರಗತ್ತೆಯ ಎರಡೂ ಎಂಜಿನ್ನು ತಿರುಗುತ್ತಿದ್ದವು. ಒಳಗೆ ಗುಣವಾದ ಕೂಸನ್ನು ಮಡಿಲಲ್ಲಿಟ್ಟುಕೊಂಡು ದ್ವೀಪಕ್ಕೆ ಮರಳುವ ಹೆಂಗಸೊಬ್ಬಳು ಕೂತಿದ್ದಳು. ಪೈಲಟ್ ಕಿಟಕಿಯಿಂದ ತಲೆ ಹೊರಹಾಕಿ, “ಕೇಳಿದ್ರಾ ಮೇಸ್ತ್ರಿ? ಹೊರಡ್ಲಾ?” ಎಂದದ್ದು ತುಟಿಯಿಂದ ತಿಳಿಯಿತು.

ಕತ್ತು ಅಭ್ಯಾಸದಂತೆ ಹೌದೆಂದು ಆಡಲು ಹೊರಟಿತ್ತು. ಎಲ್ಲ ಸರಿಯಿದೆ ಎನ್ನುತ್ತಿತ್ತು ಅಂಗೈ. ನಿನ್ನೆಯೂ ಹಾಗೆಯೇ ಅಂದಿತ್ತು. ಮೇಸ್ತ್ರಿ ಎರಡೂ ಕೈಯನ್ನು ಅಡ್ಡಡ್ಡ ಎತ್ತಿ, ನಿಲ್ಲಿಸು ಎಂದರು. ಎಂಜಿನ್ನುಗಳು ನಿಂತವು. ಆಕೆ ಇಳಿದು ಬಂದಳು.

“ಏನಾಗಿದೆ ಇದಕ್ಕೆ?”

“ಇದಕ್ಕೇನೂ ಆಗಿಲ್ಲ ತಾಯಿ, ಆಗಿರೋದು ನನಗೆ. ಕಿವಿ ಹೋಗಿದೆ. ಬೇರೆಯವರನ್ನ ಕರೆಸಿ ಕೇಳಿಸು.”

“ಯಾವಾಗಿಂದ?”

“ಬಹಳ ದಿನ ಆಯ್ತು.”

ಅಷ್ಟು ದಿನ ತಾನು ಎಷ್ಟು ಸಲ ಆ ನೀರಿನ ಮೇಲೆ ಹೋಗಿಬಂದೆ ಎಂದು ಆಕೆ ನೆನೆಯುತ್ತಿದ್ದಿರಬೇಕು, ಮುಖ ಬಿಳಿಚಿಕೊಂಡಿತು. ಅವರಿಗೆ ತಿಳಿಯಲೆಂದು ತುಟಿಯನ್ನು ನಿಧಾನವಾಗಿ ಆಡಿಸಿ, “ಒಳಗೆ ಹೋಗಿ ಹೇಳಿ. ನಾನು ಕಾಯ್ತೀನಿ” ಎಂದಳು.

ಸಾಹೇಬರು ಕಾಗದಗಳಿಗೆ ಸಹಿ ಹಾಕುತ್ತ ಕೂತಿದ್ದರು. ಪ್ರತಿ ಮೆಕ್ಯಾನಿಕ್ಕಿಗೂ ಅವನದೇ ಸಂಖ್ಯೆಯ ಒಂದು ಸಣ್ಣ ಮುದ್ರೆ ಇರುತ್ತದೆ. ತಪಾಸಣೆಯ ಕಾಗದದ ಮೇಲೆ ಅದು ಬೀಳದೆ ವಿಮಾನ ಏಳುವಂತಿಲ್ಲ. ಕೈಲಾಗದು ಎಂದು ತಿಳಿದ ದಿನವೇ ಅದನ್ನು ಕಚೇರಿಗೆ ಮರಳಿಸಬೇಕು. ಆ ದಿನ ಯಾವತ್ತೋ ಕಳೆದುಹೋಗಿತ್ತು. ಮೇಸ್ತ್ರಿ ಜೇಬಿನಿಂದ ಮುದ್ರೆ ತೆಗೆದು, ಅದಕ್ಕಂಟಿದ ಶಾಯಿಯನ್ನು ಅಂಗಿಯ ತೋಳಿನಿಂದ ಒರೆಸಿ, ಮೇಜಿನ ಮೇಲಿಟ್ಟರು.

ಸಾಹೇಬರು ತಲೆ ತಗ್ಗಿಸಿಕೊಂಡೇ ಏನೋ ಕೇಳಿದರು. ಏನೆಂದು ಮೇಸ್ತ್ರಿಗೆ ತಿಳಿಯಲಿಲ್ಲ. ಮುದ್ರೆಯನ್ನು ಅವರ ಕೈಗೆ ತಾಗುವಷ್ಟು ಮುಂದಕ್ಕೆ ಸರಿಸಿದರು.